ಬೆಳಕಿನ ಶಕ್ತಿಯ ಲೆಕ್ಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶ’. ನಾನು ಅವರ ಅನುಮತಿ ಪಡೆದು ವಿಷಯ ಬದಲಿಸಿಕೊಂಡಿದ್ದೇನೆ. ಉದ್ಯೋಗದ ಮಾತು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಇವತ್ತು ಒಂದೇ ಒಂದು ಲೆಕ್ಕ ಹೇಳಿಕೊಟ್ಟು ಹೋಗುತ್ತೇನೆ. ಒಂದು ಭಾಗಾಕಾರ, ಅಷ್ಟೆ. ಐದನೇ ತರಗತಿಯ ಮಗುವೂ ಮಾಡಬಹುದು. ಆದರೆ ಆ ಭಾಗಾಕಾರ ನಿಮ್ಮ ಮನೆಯಲ್ಲಿ ಯಾರದೋ ಕಣ್ಣನ್ನು ಉಳಿಸಬಹುದು. ಅದು ಹೇಗೆ ಎಂದು ಮುಂದೆ ಹೇಳುತ್ತೇನೆ.

ನಾನು ಈ ಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಆಗಲೇ ಐಟಿಪಿಎಲ್ ಬಂದಿತ್ತು. ಆದರೂ ಬ್ರೂಕ್‌ಫೀಲ್ಡ್ ಸುತ್ತಮುತ್ತ ಖಾಲಿ ಜಾಗ ಇತ್ತು, ಕುಂದಲಹಳ್ಳಿ ಕೆರೆಯ ಕಡೆ ದನ ಮೇಯುತ್ತಿದ್ದವು. ಈಗ ಮೆಟ್ರೋ ಬಂದಿದೆ. 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ ಉದ್ಘಾಟನೆಯಾಯಿತು. ಅಂದಿನಿಂದ ಕುಂದಲಹಳ್ಳಿ ನಿಲ್ದಾಣದಲ್ಲಿ ಇಳಿದು ಬರುವವರನ್ನು ನೀವು ದಿನವೂ ನೋಡುತ್ತೀರಿ. ಆ ಗಾಜಿನ ಕಟ್ಟಡಗಳಲ್ಲಿ ಕೆಲಸ ಮಾಡುವವರು ಒಂದು ಕಡೆ, ಆ ಕಟ್ಟಡಗಳನ್ನು ಕಟ್ಟಿದವರು ಇನ್ನೊಂದು ಕಡೆ. ಈ ಶಾಲೆಯಲ್ಲಿ ಈಗ ಓದುತ್ತಿರುವ ಬಹಳ ಮಕ್ಕಳು ಕಟ್ಟಿದವರ ಮಕ್ಕಳು. ಕೆಲವರು ಇಲ್ಲಿಯವರೇ, ಕೆಲವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು. ನಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ವಿಷಯ ಆರಿಸಿಕೊಂಡಿದ್ದೇನೆ.

ಹತ್ತನೇ ತರಗತಿಯ ವಿಜ್ಞಾನದಲ್ಲಿ ಬೆಳಕಿನ ಪಾಠ ಇದೆ. ಪ್ರತಿಫಲನ, ವಕ್ರೀಭವನ, ಕಾಮನಬಿಲ್ಲು, ಆಕಾಶ ಏಕೆ ನೀಲಿ, ಎಲ್ಲವನ್ನೂ ಓದುತ್ತೀರಿ. ಆದರೆ ‘ಈ ಬೆಳಕಿನಲ್ಲಿ ಶಕ್ತಿ ಎಷ್ಟು?’ ಎಂಬ ಪ್ರಶ್ನೆ ಬರುವುದು ಪಿಯುಸಿಯಲ್ಲಿ, ಮೊದಲು ರಸಾಯನ ವಿಜ್ಞಾನದ ಪರಮಾಣು ರಚನೆಯ ಪಾಠದಲ್ಲಿ, ಆಮೇಲೆ ಭೌತ ವಿಜ್ಞಾನದಲ್ಲಿ. ಅಷ್ಟು ಹೊತ್ತಿಗೆ ನಮ್ಮಲ್ಲಿ ಎಷ್ಟೋ ಜನ ಐಟಿಐಗೋ ಕಾಮರ್ಸಿಗೋ ಕೆಲಸಕ್ಕೋ ಹೋಗಿರುತ್ತಾರೆ. ಅವರಿಗೂ ಈ ಲೆಕ್ಕ ಬೇಕು. ಹೇಳಬೇಕೆಂದರೆ ಅವರಿಗೇ ಹೆಚ್ಚು ಬೇಕು.

ಬೆಳಕು ಅಲೆಯ ಹಾಗೆ ಸಾಗುತ್ತದೆ. ಒಂದು ಅಲೆಯ ಶಿಖರದಿಂದ ಮುಂದಿನ ಶಿಖರದವರೆಗಿನ ಅಂತರವೇ ತರಂಗದೂರ. ಕೆರೆಯ ಅಲೆಗೆ ಅದು ಒಂದು ಮಾರು ಇರಬಹುದು. ಬೆಳಕಿಗೆ ಬಹಳ ಚಿಕ್ಕದು. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ನ್ಯಾನೋಮೀಟರ್ ಎನ್ನುತ್ತೇವೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 400ರಿಂದ 700 ನ್ಯಾನೋಮೀಟರ್. ನೇರಳೆ 400ರ ಹತ್ತಿರ, ಕೆಂಪು 700ರ ಹತ್ತಿರ, ಉಳಿದ ಬಣ್ಣಗಳು ನಡುವೆ. ಹಸಿರು ನೀಲಿಯ ನಡುವಿನ 500 ನ್ಯಾನೋಮೀಟರ್ ಬೆಳಕನ್ನು ತೆಗೆದುಕೊಂಡರೆ ಒಂದು ಮಿಲಿಮೀಟರಿನಲ್ಲಿ 2000 ಅಲೆಗಳು ಹಿಡಿಸುತ್ತವೆ.

ಈಗ ಶಕ್ತಿ. 1900ನೇ ಇಸವಿ ಡಿಸೆಂಬರ್ 14ರಂದು ಬರ್ಲಿನ್ನಿನಲ್ಲಿ ಮ್ಯಾಕ್ಸ್ ಪ್ಲಾಂಕ್ ಒಂದು ವಿಚಿತ್ರವಾದ ಮಾತು ಹೇಳಿದರು. ಕಾದ ವಸ್ತು ಶಕ್ತಿಯನ್ನು ನೀರು ಸುರಿದ ಹಾಗೆ ಸುರಿಯುವುದಿಲ್ಲ, ಅಕ್ಕಿ ಕಾಳು ಎಣಿಸಿದ ಹಾಗೆ ಕಾಳುಕಾಳಾಗಿ ಕೊಡುತ್ತದೆ ಎಂದು ಇಟ್ಟುಕೊಂಡರೆ ಮಾತ್ರ ಲೆಕ್ಕ ಹೊಂದುತ್ತದೆ ಎಂದರು. 1905ರಲ್ಲಿ ಐನ್‌ಸ್ಟೈನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೆಳಕೇ ಅಂಥ ಕಾಳುಗಳಾಗಿ ಸಾಗುತ್ತದೆ ಎಂದರು. ಆ ಒಂದು ಕಾಳನ್ನು ನಾವು ಈಗ ಫೋಟಾನ್ ಎನ್ನುತ್ತೇವೆ. ಐನ್‌ಸ್ಟೈನರಿಗೆ 1921ರ ನೊಬೆಲ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೇ ಹೊರತು ಸಾಪೇಕ್ಷತಾ ಸಿದ್ಧಾಂತಕ್ಕಲ್ಲ. 1924ರಲ್ಲಿ ಢಾಕಾದಲ್ಲಿ ಪಾಠ ಮಾಡುತ್ತಿದ್ದ ನಮ್ಮ ಸತ್ಯೇಂದ್ರನಾಥ ಬೋಸರು ಈ ಕಾಳುಗಳನ್ನು ಎಣಿಸುವ ಹೊಸ ಕ್ರಮವನ್ನೇ ಕಂಡುಹಿಡಿದು ಐನ್‌ಸ್ಟೈನರಿಗೆ ಪತ್ರ ಬರೆದರು.

ಒಂದು ಫೋಟಾನಿನ ಶಕ್ತಿಗೆ ಸೂತ್ರ ಇದು:

ಶಕ್ತಿ = (ಪ್ಲಾಂಕ್ ಸ್ಥಿರಾಂಕ × ಬೆಳಕಿನ ವೇಗ) ÷ ತರಂಗದೂರ

ಪ್ಲಾಂಕ್ ಸ್ಥಿರಾಂಕ 6.626 × 10⁻³⁴ ಜೂಲ್-ಸೆಕೆಂಡ್. ಬೆಳಕಿನ ವೇಗ ಸೆಕೆಂಡಿಗೆ 3 × 10⁸ ಮೀಟರ್. ಇವೆರಡೂ ಎಂದೂ ಬದಲಾಗುವುದಿಲ್ಲ. ಬದಲಾಗುವುದು ಕೆಳಗಿರುವ ತರಂಗದೂರ ಮಾತ್ರ. ಛೇದ ದೊಡ್ಡದಾದರೆ ಉತ್ತರ ಚಿಕ್ಕದು, ಛೇದ ಚಿಕ್ಕದಾದರೆ ಉತ್ತರ ದೊಡ್ಡದು. ಅಂದರೆ ಅಲೆ ಉದ್ದವಾದಷ್ಟೂ ಫೋಟಾನ್ ಸೌಮ್ಯ, ಅಲೆ ಗಿಡ್ಡವಾದಷ್ಟೂ ಫೋಟಾನ್ ಖಾರ. ಮೆಣಸಿನಕಾಯಿಯ ಹಾಗೆ ಎಂದುಕೊಳ್ಳಿ, ಚಿಕ್ಕದಕ್ಕೇ ಖಾರ ಜಾಸ್ತಿ.

500 ನ್ಯಾನೋಮೀಟರ್ ಬೆಳಕಿಗೆ ಲೆಕ್ಕ ಮಾಡೋಣ. ಮೊದಲು ಅದನ್ನು ಮೀಟರಿಗೆ ಬದಲಿಸಬೇಕು: 500 × 10⁻⁹. ಮೇಲಿನ ಗುಣಾಕಾರ 6.626 × 10⁻³⁴ × 3 × 10⁸, ಅಂದರೆ 1.988 × 10⁻²⁵. ಭಾಗಿಸಿದರೆ 3.98 × 10⁻¹⁹ ಜೂಲ್. ಬಹಳ ಚಿಕ್ಕ ಸಂಖ್ಯೆ. ಇಷ್ಟು ಚಿಕ್ಕ ಶಕ್ತಿಗೆ ಜೂಲ್ ಎಂಬ ಅಳತೆ ಹಿಡಿಯುವುದು ಏಲಕ್ಕಿಯನ್ನು ಲಾರಿ ತೂಗುವ ವೇಬ್ರಿಡ್ಜ್ ಮೇಲೆ ತೂಗಿದಂತೆ. ಅದಕ್ಕೇ ವಿಜ್ಞಾನಿಗಳು ಎಲೆಕ್ಟ್ರಾನ್ ವೋಲ್ಟ್ ಎಂಬ ಸಣ್ಣ ತಕ್ಕಡಿ ಇಟ್ಟುಕೊಂಡಿದ್ದಾರೆ. ಒಂದು ಎಲೆಕ್ಟ್ರಾನ್ ಒಂದು ವೋಲ್ಟ್ ಅಂತರವನ್ನು ದಾಟಿದಾಗ ಪಡೆಯುವ ಶಕ್ತಿ ಅದು, 1.602 × 10⁻¹⁹ ಜೂಲ್. ಈ ತಕ್ಕಡಿಯಲ್ಲಿ ತೂಗಿದರೆ ನಮ್ಮ ಫೋಟಾನಿನ ಶಕ್ತಿ 2.48 ಎಲೆಕ್ಟ್ರಾನ್ ವೋಲ್ಟ್.

ಈಗ ನಾನು ಹೇಳಲು ಬಂದ ಭಾಗಾಕಾರ. ಎರಡು ಸ್ಥಿರ ಸಂಖ್ಯೆಗಳನ್ನೂ ಅಳತೆಯ ಬದಲಾವಣೆಗಳನ್ನೂ ಒಮ್ಮೆಗೇ ಸೇರಿಸಿ ಲೆಕ್ಕ ಮಾಡಿದರೆ 1239.84 ಎಂಬ ಸಂಖ್ಯೆ ಬರುತ್ತದೆ. ನಾವು 1240 ಎಂದು ಇಟ್ಟುಕೊಳ್ಳೋಣ. 1240ನ್ನು ನ್ಯಾನೋಮೀಟರಿನಲ್ಲಿರುವ ತರಂಗದೂರದಿಂದ ಭಾಗಿಸಿ. ಬಂದ ಉತ್ತರವೇ ಎಲೆಕ್ಟ್ರಾನ್ ವೋಲ್ಟಿನಲ್ಲಿ ಒಂದು ಫೋಟಾನಿನ ಶಕ್ತಿ. 1240 ಭಾಗಿಸು 500, ಉತ್ತರ 2.48. ಮೊದಲು ಬಂದ ಉತ್ತರವೇ.

ಇನ್ನು ನಮ್ಮ ರಸ್ತೆಯ ದೀಪಗಳನ್ನೇ ನೋಡಿ. ಸಿಗ್ನಲ್ಲಿನ ಕೆಂಪು ದೀಪ, ಸುಮಾರು 630 ನ್ಯಾನೋಮೀಟರ್: 1.97. ಹಳೆಯ ಬೀದಿಗಳಲ್ಲಿ ಇದ್ದ ಸೋಡಿಯಂ ದೀಪದ ಹಳದಿ, 589 ನ್ಯಾನೋಮೀಟರ್: 2.1. ನೀಲಿ ಎಲ್‌ಇಡಿ, 470 ನ್ಯಾನೋಮೀಟರ್: 2.64. ಕಣ್ಣಿಗೆ ಕಾಣುವ ಕೊನೆಯ ನೇರಳೆ, 400 ನ್ಯಾನೋಮೀಟರ್: 3.1. ಕಾಣುವ ಬೆಳಕೆಲ್ಲ ಎರಡರಿಂದ ಮೂರರ ಆಸುಪಾಸಿನಲ್ಲೇ ಮುಗಿದುಹೋಯಿತು. ಮೂರು ದಾಟಿದರೆ ನೇರಳಾತೀತ ಕಿರಣ, ಕಣ್ಣಿಗೆ ಕಾಣದು. ಈ ಗಡಿಯನ್ನು ಸ್ವಲ್ಪ ನೆನಪಿಡಿ.

ಒಂದು ಸಂದೇಹ ಬರಬಹುದು. ದೀಪ ಪ್ರಖರವಾದರೆ ಶಕ್ತಿ ಹೆಚ್ಚಲ್ಲವೇ? ಒಟ್ಟು ಶಕ್ತಿ ಹೆಚ್ಚು, ನಿಜ. ಆದರೆ ಪ್ರಖರತೆ ಎಂದರೆ ಕಾಳುಗಳ ಸಂಖ್ಯೆ. ತರಂಗದೂರ ಹೇಳುವುದು ಒಂದೊಂದು ಕಾಳಿನ ಶಕ್ತಿ. 500 ನ್ಯಾನೋಮೀಟರಿನ ಒಂದು ವ್ಯಾಟ್ ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 2.5 × 10¹⁸ ಫೋಟಾನ್‌ಗಳಿರುತ್ತವೆ. ಸೆಕೆಂಡಿಗೆ ಒಂದರಂತೆ ಎಣಿಸಿದರೆ ಎಣಿಸಿ ಮುಗಿಸಲು ಸುಮಾರು 8000 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ.

ಸಂಖ್ಯೆಗೂ ಶಕ್ತಿಗೂ ಇರುವ ವ್ಯತ್ಯಾಸವನ್ನು ಮಾವಿನ ತೋಪಿಗೆ ಕಲ್ಲು ಹೊಡೆದವರಿಗೆ ಹೇಳಿಕೊಡಬೇಕಾಗಿಲ್ಲ. ಮೇಲಿನ ಕೊಂಬೆಯ ಕಾಯಿಗೆ ಸಾವಿರ ಹತ್ತಿ ಉಂಡೆ ಎಸೆದರೂ ಅದು ಬೀಳುವುದಿಲ್ಲ. ಗಟ್ಟಿಯಾದ ಒಂದು ಕಲ್ಲು ಸಾಕು. ಲೋಹದಿಂದ ಎಲೆಕ್ಟ್ರಾನನ್ನು ಹೊರಗೆ ಬೀಳಿಸುವುದೂ ಹೀಗೆಯೇ. ಕೆಂಪು ಬೆಳಕನ್ನು ಎಷ್ಟು ಸುರಿದರೂ ಸತುವಿನ ತಗಡಿನಿಂದ ಎಲೆಕ್ಟ್ರಾನ್ ಬರುವುದಿಲ್ಲ. ಮಂದವಾದ ನೇರಳಾತೀತ ಬೆಳಕು ಬಿದ್ದರೆ ಸಾಕು, ಬರುತ್ತದೆ. ಇದೇ ದ್ಯುತಿ ವಿದ್ಯುತ್ ಪರಿಣಾಮ. ಐನ್‌ಸ್ಟೈನ್ ವಿವರಿಸಿದ್ದು ಇದನ್ನೇ.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ. ನನ್ನ ತಂದೆ ವೆಲ್ಡರ್. ಈ ಭಾಗದ ಒಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು, ಮೆಟ್ಟಿಲು ಮಾಡುತ್ತಿದ್ದರು. ಶೆಡ್ಡಿನಲ್ಲಿ ಮೂವರು ಕೆಲಸಗಾರರಿಗೆ ಒಂದು ಮಾಸ್ಕು. ಉಳಿದವರು ಫುಟ್‌ಪಾತಿನ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದರು, ಇಲ್ಲವೇ ಕಿಡಿ ಹತ್ತುವಾಗ ಮುಖ ತಿರುಗಿಸುತ್ತಿದ್ದರು. ಸಂಜೆ ಮನೆಗೆ ಬರುವಾಗ ತಂದೆ ಚೆನ್ನಾಗಿಯೇ ಇರುತ್ತಿದ್ದರು. ಮಧ್ಯರಾತ್ರಿ ಕಣ್ಣಲ್ಲಿ ಮರಳು ಹಾಕಿದಂತಾಗುತ್ತಿದೆ ಎಂದು ಏಳುತ್ತಿದ್ದರು. ಕಣ್ಣು ಕೆಂಡದಂತೆ ಕೆಂಪಾಗಿ, ನೀರು ಸುರಿದು, ದೀಪ ಹಾಕಿದರೆ ಚೀರುವಷ್ಟು ನೋವು. ಅಮ್ಮ ಆಲೂಗಡ್ಡೆ ಹೋಳು ಇಡುತ್ತಿದ್ದರು. ಪಕ್ಕದ ಮನೆಯವರು ಹರಳೆಣ್ಣೆ ಎನ್ನುತ್ತಿದ್ದರು. ಎರಡು ದಿನ ಕೆಲಸಕ್ಕೆ ಹೋಗಲಾಗುತ್ತಿರಲಿಲ್ಲ. ಹೋಗದಿದ್ದರೆ ಕೂಲಿ ಇಲ್ಲ. ‘ಬೆಳಕು ಜೋರು, ಅದಕ್ಕೇ ಕಣ್ಣು ಉರಿ’ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಹಾಗಿದ್ದರೆ ಕತ್ತಲೆ ಮಾಡುವ ಯಾವ ಕನ್ನಡಕವಾದರೂ ಸಾಕಾಗಬೇಕಿತ್ತಲ್ಲ? ಸಾಕಾಗುತ್ತಿರಲಿಲ್ಲ.

ನಮ್ಮ ಭಾಗಾಕಾರ ಇದಕ್ಕೆ ಉತ್ತರ ಕೊಡುತ್ತದೆ. ವೆಲ್ಡಿಂಗ್ ಕಿಡಿಯಲ್ಲಿ ಕಾಣುವ ಬೆಳಕಿನ ಜೊತೆಗೆ 200ರಿಂದ 400 ನ್ಯಾನೋಮೀಟರಿನ ನೇರಳಾತೀತ ಕಿರಣಗಳೂ ಇರುತ್ತವೆ. 280 ನ್ಯಾನೋಮೀಟರಿಗೆ ಲೆಕ್ಕ ಮಾಡಿ: 4.43. 200ಕ್ಕೆ ಮಾಡಿ: 6.2. ನಮ್ಮ ದೇಹದ ಅಣುಗಳಲ್ಲಿ ಎರಡು ಇಂಗಾಲದ ಪರಮಾಣುಗಳನ್ನು ಹಿಡಿದಿಟ್ಟಿರುವ ಒಂದು ಸಾಮಾನ್ಯ ಬಂಧವನ್ನು ಮುರಿಯಲು ಬೇಕಾದ ಶಕ್ತಿ ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್. ಕೆಂಪು, ಹಳದಿ, ಹಸಿರು, ನೀಲಿ ಯಾವುದರ ಒಂದು ಫೋಟಾನಿನಲ್ಲೂ ಅಷ್ಟಿಲ್ಲ. ನೇರಳಾತೀತ ಫೋಟಾನಿನಲ್ಲಿ ಇದೆ. ಅದೇ ಗಟ್ಟಿ ಕಲ್ಲು. ಕಣ್ಣಿನ ಮುಂಭಾಗದ ಕಾರ್ನಿಯಾದ ಮೇಲ್ಪದರದ ಜೀವಕೋಶಗಳು ಆ ಕಿರಣಗಳನ್ನು ಹೀರಿಕೊಂಡು ಹಾಳಾಗುತ್ತವೆ. ಹಾನಿ ಆಗುವುದು ಆ ಕ್ಷಣದಲ್ಲೇ, ನೋವು ಬರುವುದು ಕೆಲವು ಗಂಟೆಗಳ ಮೇಲೆ. ಅದಕ್ಕೇ ಮಧ್ಯರಾತ್ರಿ.

ನಿಮ್ಮಲ್ಲಿ ಕೆಲವರ ಮನೆಯ ನೀರು ಶುದ್ಧೀಕರಿಸುವ ಯಂತ್ರದಲ್ಲಿ ಯುವಿ ದೀಪ ಇರುತ್ತದೆ. ಪಾದರಸದ ಆ ದೀಪದ ಮುಖ್ಯ ತರಂಗದೂರ 254 ನ್ಯಾನೋಮೀಟರ್. ಶಕ್ತಿ 4.88. ಜೀವಕೋಶದೊಳಗಿನ ಡಿಎನ್‌ಎ ಅತಿ ಹೆಚ್ಚು ಹೀರಿಕೊಳ್ಳುವುದು 260ರ ಆಸುಪಾಸಿನ ಬೆಳಕನ್ನು. ಅದಕ್ಕೇ ನೀರಿನ ರೋಗಾಣುಗಳು ಸಾಯುತ್ತವೆ. ಆ ದೀಪವನ್ನು ಹೊರಗೆ ತೆಗೆದು ನೋಡಿದರೆ ಮಂದವಾದ ನೀಲಿ ಬೆಳಕು, ತಂಪಾಗಿ ಕಾಣುತ್ತದೆ. ಆದರೆ ರೋಗಾಣುವನ್ನು ಕೊಲ್ಲುವ ಫೋಟಾನ್ ಕಣ್ಣಿನ ಕೋಶವನ್ನು ಬಿಡುವುದಿಲ್ಲ. ಕಣ್ಣಿಗೆ ಮಂದವಾಗಿ ಕಂಡದ್ದೆಲ್ಲ ಸೌಮ್ಯವಲ್ಲ, ಮಕ್ಕಳೇ.

ಹಾಗಾದರೆ ಸೂರ್ಯನ ಬೆಳಕಿನಲ್ಲಿ ದಿನವಿಡೀ ಓಡಾಡುವ ನಮಗೆ ಏಕೆ ಹೀಗಾಗುವುದಿಲ್ಲ? ಸೂರ್ಯನಿಂದ ಹೊರಟ ನೇರಳಾತೀತ ಕಿರಣಗಳಲ್ಲಿ ಸುಮಾರು 290 ನ್ಯಾನೋಮೀಟರಿಗಿಂತ ಗಿಡ್ಡವಾದವನ್ನು ಮೇಲಿನ ಓಝೋನ್ ಪದರ ತಡೆದುಬಿಡುತ್ತದೆ. ಆದರೆ ವೆಲ್ಡಿಂಗ್ ಕಿಡಿಗೂ ವೆಲ್ಡರನ ಕಣ್ಣಿಗೂ ನಡುವೆ ಒಂದು ಮೊಳ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿ ಮಾಸ್ಕಿನ ಗಾಜೇ ಓಝೋನ್ ಪದರ. ಯುವಿ ತಡೆಯದ ಅಗ್ಗದ ಕಪ್ಪು ಕನ್ನಡಕ ಇನ್ನೂ ಮೋಸ. ಅದು ಕಾಣುವ ಬೆಳಕನ್ನು ಮಾತ್ರ ಕಡಿಮೆ ಮಾಡುತ್ತದೆ. ಕತ್ತಲಾಯಿತೆಂದು ಕಣ್ಣಿನ ಪಾಪೆ ಅರಳುತ್ತದೆ, ಕಾಣದ ಕಿರಣಕ್ಕೆ ಬಾಗಿಲು ಇನ್ನಷ್ಟು ತೆರೆದಂತಾಗುತ್ತದೆ.

ನಾನು ಈ ಲೆಕ್ಕವನ್ನು ಬಿಇ ಓದುವಾಗ ಒಂದು ಕಾಗದದ ಮೇಲೆ ಬರೆದು ತಂದೆಗೆ ತೋರಿಸಿದೆ. ಅವರು ಓದಿದ್ದು ನಾಲ್ಕನೇ ತರಗತಿ. 3.6 ದಾಟಿದರೆ ಕಣ್ಣು ಸುಡುತ್ತದೆ, ಕಿಡಿಯಲ್ಲಿ ಇರುವುದು 4, 5, 6 ಎಂದು ಹೇಳಿದೆ. ‘ಅಂದರೆ ಇದು ಬೆಳಕಿನ ಜೋರಲ್ಲ, ಬೆಳಕಿನ ಜಾತಿ’ ಎಂದರು. ನಾನು ಕಾಲೇಜಿನಲ್ಲಿ ಕೇಳಿದ ಯಾವ ವಿವರಣೆಗಿಂತಲೂ ಅದು ಸ್ಪಷ್ಟವಾಗಿತ್ತು. ಮರುದಿನ ತಮ್ಮ ಕೈಯಿಂದಲೇ ದುಡ್ಡು ಹಾಕಿ ಸರಿಯಾದ ಮಾಸ್ಕು ಕೊಂಡರು. ಆಮೇಲೆ ಶೆಡ್ಡಿಗೆ ಹೊಸದಾಗಿ ಸೇರುವ ಹುಡುಗರಿಗೆ ಈ ಮಾತು ಹೇಳುವುದು ಅವರ ಕೆಲಸವೇ ಆಯಿತು.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಾದರೂ ವೆಲ್ಡಿಂಗ್ ಮಾಡುವವರಿದ್ದರೆ, ಅಥವಾ ಪಕ್ಕದಲ್ಲಿ ನಿಂತು ಕಬ್ಬಿಣ ಹಿಡಿಯುವ ಹೆಲ್ಪರ್ ಇದ್ದರೆ, ಇವತ್ತೇ ಹೋಗಿ ಈ ಭಾಗಾಕಾರ ಮಾಡಿ ತೋರಿಸಿ. ರಸ್ತೆ ಬದಿ ಕಿಡಿ ಕಂಡರೆ ನಿಂತು ನೋಡಬೇಡಿ, ತಮ್ಮ ತಂಗಿಯರನ್ನೂ ನೋಡಲು ಬಿಡಬೇಡಿ. ಕಣ್ಣು ಉರಿದರೆ ಆಲೂಗಡ್ಡೆ, ಎಣ್ಣೆ, ಹಾಲು ಬೇಡ. ಕಣ್ಣಿನ ವೈದ್ಯರ ಬಳಿ ಹೋಗಿ. ನಗರದಲ್ಲಿ ಸರ್ಕಾರದ್ದೇ ಆದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ.

ಇದೇ ಲೆಕ್ಕದಿಂದ ಇನ್ನೊಂದು ಭಯವನ್ನೂ ಅಳೆಯಬಹುದು. ನಮ್ಮ ಬಡಾವಣೆಗಳಲ್ಲಿ ಮೊಬೈಲ್ ಟವರ್ ಬಗ್ಗೆ ಜಗಳಗಳಾಗುತ್ತವೆ. 1800 ಮೆಗಾಹರ್ಟ್ಸ್ ಅಲೆಯ ತರಂಗದೂರ ಸುಮಾರು 16.7 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಕಡಿಮೆ. ನ್ಯಾನೋಮೀಟರಿನಲ್ಲಿ ಅದು 16.7 ಕೋಟಿ. 1240ನ್ನು 16.7 ಕೋಟಿಯಿಂದ ಭಾಗಿಸಿದರೆ, ಒಂದು ಎಲೆಕ್ಟ್ರಾನ್ ವೋಲ್ಟನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ಏಳೂವರೆ ಭಾಗದಷ್ಟೂ ಬರುವುದಿಲ್ಲ. 254 ನ್ಯಾನೋಮೀಟರಿನ ಯುವಿ ಫೋಟಾನಿನ ಶಕ್ತಿ ಇದಕ್ಕಿಂತ ಆರೂವರೆ ಲಕ್ಷ ಪಟ್ಟು ಹೆಚ್ಚು. ಟವರಿನ ಒಂದು ಫೋಟಾನ್ ಅಣುವಿನ ಬಂಧ ಮುರಿಯಲಾರದು. ಅದು ಹತ್ತಿ ಉಂಡೆ. ಹಾಗೆಂದು ರೇಡಿಯೋ ಅಲೆಗಳಿಗೆ ಏನೂ ಪರಿಣಾಮವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹತ್ತಿ ಉಂಡೆಗಳ ಸಂಖ್ಯೆ ವಿಪರೀತವಾದರೆ ವಸ್ತು ಬಿಸಿಯಾಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಹಾಗೆಯೇ. ಟವರಿನ ಶಕ್ತಿಗೆ ಮಿತಿ ಇಟ್ಟಿರುವುದೂ ಆ ಕಾರಣಕ್ಕೇ. ಆದರೆ ಬಿಸಿ ಮಾಡುವುದು ಬೇರೆ, ಬಂಧ ಮುರಿಯುವುದು ಬೇರೆ. ಇನ್ನೊಂದು ತುದಿಯಲ್ಲಿ ಆಸ್ಪತ್ರೆಯ ಎಕ್ಸ್-ರೇ ಇದೆ. ತರಂಗದೂರ 0.05 ನ್ಯಾನೋಮೀಟರ್ ಎಂದುಕೊಂಡರೆ ಶಕ್ತಿ 24,800. ಅದಕ್ಕೇ ತಂತ್ರಜ್ಞರು ಸೀಸದ ಏಪ್ರನ್ ಹಾಕಿಕೊಳ್ಳುತ್ತಾರೆ. ಟವರಿಗೆ ಹೆದರಿ, ವೆಲ್ಡಿಂಗ್ ಕಿಡಿಯನ್ನು ಬರಿಗಣ್ಣಿನಿಂದ ನೋಡುವುದು ಲೆಕ್ಕ ತಪ್ಪಿದ ಭಯ.

ಇನ್ನು ನನ್ನ ಕೆಲಸದ ಬಗ್ಗೆ ಎರಡು ಮಾತು. ಕಾರ್ಖಾನೆಗಳಲ್ಲಿ ವಸ್ತುಗಳನ್ನು ಪರೀಕ್ಷಿಸುವ ಕ್ಯಾಮೆರಾಗಳಿಗೆ ನಾನು ಸಾಫ್ಟ್‌ವೇರ್ ಬರೆಯುತ್ತೇನೆ. ಕ್ಯಾಮೆರಾದ ಒಳಗಿರುವುದು ಸಿಲಿಕಾನ್. ಸಿಲಿಕಾನಿನಲ್ಲಿ ಒಂದು ಎಲೆಕ್ಟ್ರಾನನ್ನು ಎಬ್ಬಿಸಲು ಕನಿಷ್ಠ 1.12 ಎಲೆಕ್ಟ್ರಾನ್ ವೋಲ್ಟ್ ಬೇಕು. ಲೆಕ್ಕವನ್ನು ತಿರುಗಿಸಿ, 1240ನ್ನು 1.12ರಿಂದ ಭಾಗಿಸಿ: ಸುಮಾರು 1107 ನ್ಯಾನೋಮೀಟರ್. ಅದಕ್ಕಿಂತ ಉದ್ದದ ಅಲೆ ಎಷ್ಟೇ ಬಿದ್ದರೂ ಸಿಲಿಕಾನಿಗೆ ಬೆಳಕೇ ಅಲ್ಲ. ಪಾವಗಡದ ಸೋಲಾರ್ ಪಾರ್ಕಿನ ಫಲಕಗಳಿಗೂ ಇದೇ ನಿಯಮ.

ಇದನ್ನು ಮನೆಯಲ್ಲೇ ನೋಡಬಹುದು. ಟಿವಿ ರಿಮೋಟಿನ ತುದಿಯಲ್ಲಿರುವ ಸಣ್ಣ ಬಲ್ಬು ಸಾಮಾನ್ಯವಾಗಿ 940 ನ್ಯಾನೋಮೀಟರಿನ ಅವಕೆಂಪು ಬೆಳಕು ಕೊಡುತ್ತದೆ. ಶಕ್ತಿ 1.32. ನಮ್ಮ ಕಣ್ಣಿಗೆ ಸಾಲದು, ಸಿಲಿಕಾನಿಗೆ ಸಾಕು. ಕತ್ತಲಲ್ಲಿ ಮೊಬೈಲಿನ ಮುಂದಿನ ಕ್ಯಾಮೆರಾ ತೆರೆದು, ರಿಮೋಟನ್ನು ಅದರ ಕಡೆ ಹಿಡಿದು ಗುಂಡಿ ಒತ್ತಿ. ಬಹಳ ಫೋನುಗಳಲ್ಲಿ ಬಲ್ಬು ಮಿನುಗುವುದು ಪರದೆಯ ಮೇಲೆ ಕಾಣುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ.

ಈ ಸಭಾಂಗಣದ ಬಿಳಿ ಎಲ್‌ಇಡಿಯೂ ಇದೇ ಲೆಕ್ಕದ ಕೂಸು. ಅದರೊಳಗೆ ಇರುವುದು ಬಿಳಿ ಬೆಳಕಲ್ಲ, 450 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕು, ಶಕ್ತಿ 2.76. ಮೇಲೆ ಬಳಿದ ಹಳದಿ ಪುಡಿ ಅದರಲ್ಲಿ ಒಂದು ಭಾಗವನ್ನು ನುಂಗಿ ಸುಮಾರು 2.2ರ ಹಳದಿ ಬೆಳಕಾಗಿ ಕೊಡುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನೀಲಿ ಹಳದಿ ಸೇರಿ ಕಣ್ಣಿಗೆ ಬಿಳಿ. ಕೆಂಪು ಎಲ್‌ಇಡಿಗೆ ಪುಡಿ ಬಳಿದು ಬಿಳಿ ಮಾಡಲಾಗದು, ಏಕೆಂದರೆ ಎರಡು ರೂಪಾಯಿ ಕೊಟ್ಟು ಮೂರು ರೂಪಾಯಿ ಚಿಲ್ಲರೆ ಪಡೆಯಲಾಗದು. ಅದಕ್ಕೇ ಜಗತ್ತು ನೀಲಿ ಎಲ್‌ಇಡಿಗಾಗಿ ಕಾಯಬೇಕಾಯಿತು. ಅದನ್ನು ಮಾಡಿದ ಅಕಾಸಾಕಿ, ಅಮಾನೋ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು.

ದೊಡ್ಡ ವಿಜ್ಞಾನ ಎಲ್ಲೋ ದೂರದಲ್ಲಿ ನಡೆಯುತ್ತದೆ ಎಂದು ನಮಗನ್ನಿಸುತ್ತದೆ. ಇಲ್ಲಿಂದ ಕಾಡುಗೋಡಿ ದಾಟಿ ಹೊಸಕೋಟೆಗೆ ಹೋಗಿ. ಅಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಆವರಣ ಇದೆ. ಆದಿತ್ಯ ಎಲ್1 ನೌಕೆಯ ಮುಖ್ಯ ಉಪಕರಣವಾದ ಸೂರ್ಯನ ಕರೋನಾ ನೋಡುವ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಅಲ್ಲಿ. 2023ರ ಜನವರಿ 26ರಂದು ಅದನ್ನು ಇಸ್ರೋಗೆ ಒಪ್ಪಿಸಿದರು. ಸೆಪ್ಟೆಂಬರ್ 2ರಂದು ನೌಕೆ ಹಾರಿತು. 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು.

ಆ ಉಪಕರಣ ನೋಡುವ ಮೂರು ರೋಹಿತ ರೇಖೆಗಳು 530.3, 789.2 ಮತ್ತು 1074.7 ನ್ಯಾನೋಮೀಟರ್. ಭಾಗಿಸಿ ನೋಡಿ: 2.34, 1.57, 1.15. ಮೂರನೆಯದು ಸಿಲಿಕಾನಿನ 1.12ಕ್ಕೆ ತೀರ ಹತ್ತಿರ. ಅಲ್ಲಿ ಸಿಲಿಕಾನಿಗೆ ಕಣ್ಣು ಮಂಜಾಗುತ್ತದೆ. ಆದ್ದರಿಂದ ಆ ಒಂದು ರೇಖೆಗೆ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್‌ನಿಂದ ಮಾಡಿದ ಬೇರೆಯೇ ಕ್ಯಾಮೆರಾ ಇಟ್ಟಿದ್ದಾರೆ. ನೀವು ಈಗ ಮಾಡಿದ ಭಾಗಾಕಾರವೇ ಆ ಆಯ್ಕೆಯ ಹಿಂದೆ ಇದೆ.

ಆ 530.3ರ ಹಸಿರು ರೇಖೆಗೂ ಒಂದು ಕಥೆ ಇದೆ. 1869ರ ಸೂರ್ಯಗ್ರಹಣದಲ್ಲಿ ಅದನ್ನು ಮೊದಲು ಕಂಡಾಗ ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತು ಎಂದು ತಿಳಿದು ಕರೋನಿಯಂ ಎಂದು ಹೆಸರೂ ಇಟ್ಟರು. 1940ರ ಆಸುಪಾಸಿನಲ್ಲಿ ಜರ್ಮನಿಯ ಗ್ರೋಟ್ರಿಯಾನ್ ಮತ್ತು ಸ್ವೀಡನ್ನಿನ ಎಡ್ಲೆನ್ ಶಕ್ತಿಯ ಲೆಕ್ಕವನ್ನು ಹೊಂದಿಸಿ ನೋಡಿದಾಗ ಅದು ನಮ್ಮ ಕಬ್ಬಿಣವೇ ಎಂದು ತಿಳಿಯಿತು. ಆದರೆ 13 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣ. ಹಾಗಾಗಬೇಕಾದರೆ ಉಷ್ಣತೆ 20 ಲಕ್ಷ ಡಿಗ್ರಿಯ ಆಸುಪಾಸಿನಲ್ಲಿರಬೇಕು. ಸೂರ್ಯನ ಮೇಲ್ಮೈ ಸುಮಾರು 5500 ಡಿಗ್ರಿ, ಅದರ ಹೊರಗಿನ ತೆಳುವಾದ ಕರೋನಾ ಲಕ್ಷಾಂತರ ಡಿಗ್ರಿ. ಇದು ಹೇಗೆ ಎಂಬುದೇ ಆದಿತ್ಯ ಹುಡುಕುತ್ತಿರುವ ಪ್ರಶ್ನೆಗಳಲ್ಲಿ ಒಂದು.

ಸರ್ ಸಿ.ವಿ. ರಾಮನ್ನರನ್ನು ನೆನೆಯದೆ ಬೆಳಕಿನ ಮಾತು ಮುಗಿಯುವುದಿಲ್ಲ. 1928ರ ಫೆಬ್ರುವರಿ 28ರಂದು ಕೋಲ್ಕತ್ತದಲ್ಲಿ ಅವರು ಕಂಡದ್ದನ್ನು ಮಾರ್ಚ್ 16ರಂದು ಉಪನ್ಯಾಸದಲ್ಲಿ ವಿವರವಾಗಿ ಹೇಳಿದ್ದು ನಮ್ಮ ಬೆಂಗಳೂರಿನಲ್ಲಿ. ಅದನ್ನೂ ನಮ್ಮ ಲೆಕ್ಕದಲ್ಲೇ ಹೇಳಬಹುದು. ಪಾದರಸ ದೀಪದ 435.8 ನ್ಯಾನೋಮೀಟರಿನ ನೀಲಿ ಬೆಳಕನ್ನು ಬೆಂಜೀನ್ ಎಂಬ ದ್ರವದ ಮೂಲಕ ಹಾಯಿಸಿದರೆ, ಚದುರಿದ ಬೆಳಕಿನಲ್ಲಿ 455.5ರ ಬಳಿ ಒಂದು ಹೊಸ ರೇಖೆ ಸಿಗುತ್ತದೆ. ಮೊದಲಿನದು 2.845, ಎರಡನೆಯದು 2.722. ವ್ಯತ್ಯಾಸ 0.123. ಈ ಚಿಲ್ಲರೆ ಎಲ್ಲಿಗೆ ಹೋಯಿತು? ಬೆಂಜೀನ್ ಅಣು ಅದನ್ನು ತೆಗೆದುಕೊಂಡು ಕಂಪಿಸಿತು. ಒಂದೊಂದು ಅಣು ಒಂದೊಂದು ಮೊತ್ತ ತೆಗೆದುಕೊಳ್ಳುತ್ತದೆ. ಆದ್ದರಿಂದ ಚಿಲ್ಲರೆ ಎಣಿಸಿ ಅಣು ಯಾವುದೆಂದು ಹೇಳಬಹುದು. ಇದೇ ರಾಮನ್ ಪರಿಣಾಮ. 1930ರ ನೊಬೆಲ್ ಇದಕ್ಕೆ.

ಕೊನೆಯದಾಗಿ ಮೂರು ಮಾತು.

ಮೊದಲನೆಯದು ಕನ್ನಡ ಮಾಧ್ಯಮದ ಮಕ್ಕಳಿಗೆ. ಪಿಯುಸಿಗೆ ಹೋದಾಗ ತರಂಗದೂರಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದ ಬರುತ್ತದೆ, ಒಂದು ವಾರ ತೊಡಕಾಗುತ್ತದೆ. ಹೆದರಬೇಡಿ. ಪದ ಬದಲಾದರೂ 1240 ಬದಲಾಗುವುದಿಲ್ಲ. ಅರ್ಥ ಕನ್ನಡದಲ್ಲಿ ಗಟ್ಟಿಯಾಗಿದ್ದರೆ ಪದಗಳನ್ನು ಆಮೇಲೆ ಕಲಿಯಬಹುದು. ಪದಗಳನ್ನು ಮಾತ್ರ ಕಲಿತವನಿಗೆ ಅರ್ಥವನ್ನು ಯಾರೂ ಕಲಿಸಲಾರರು.

ಎರಡನೆಯದು ಗುರುಗಳಿಗೆ ಒಂದು ಕೋರಿಕೆ. ನಮ್ಮ ತಂಡದ ಗೆಳೆಯರು ಸೇರಿ ಪ್ರಯೋಗಾಲಯಕ್ಕೆ ಒಂದು ಪೆಟ್ಟಿಗೆ ತಂದಿದ್ದೇವೆ. ಅದರಲ್ಲಿ ಕೆಂಪು, ಹಳದಿ, ಹಸಿರು, ನೀಲಿ ಎಲ್‌ಇಡಿಗಳು, ರೆಸಿಸ್ಟರ್‌ಗಳು, ಬ್ಯಾಟರಿ, ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಗುಂಡಿ, ಎರಡು ಮಲ್ಟಿಮೀಟರ್ ಇವೆ. ವೋಲ್ಟೇಜನ್ನು ನಿಧಾನವಾಗಿ ಏರಿಸಿ ಎಲ್‌ಇಡಿ ಹೊತ್ತುವ ಕ್ಷಣವನ್ನು ಬರೆದುಕೊಳ್ಳಬೇಕು. ಉದಾಹರಣೆಗೆ 635 ನ್ಯಾನೋಮೀಟರಿನ ಕೆಂಪು ಎಲ್‌ಇಡಿ 1.9 ವೋಲ್ಟಿಗೆ ಹೊತ್ತಿತು ಎಂದುಕೊಳ್ಳಿ. ಅದರಿಂದ ಹಿಂದಕ್ಕೆ ಲೆಕ್ಕ ಮಾಡಿದರೆ ಪ್ಲಾಂಕ್ ಸ್ಥಿರಾಂಕ 6.44 × 10⁻³⁴ ಬರುತ್ತದೆ. ನಿಜವಾದ ಬೆಲೆಗೂ ಇದಕ್ಕೂ ವ್ಯತ್ಯಾಸ ನೂರಕ್ಕೆ ಮೂರರಷ್ಟು. ಬ್ರಹ್ಮಾಂಡದ ಒಂದು ಸ್ಥಿರಾಂಕವನ್ನು ಸರ್ಕಾರಿ ಪ್ರೌಢಶಾಲೆಯ ಬೆಂಚಿನ ಮೇಲೆ ಅಳೆಯಬಹುದು ಎಂಬುದನ್ನು ಈ ಮಕ್ಕಳು ತಮ್ಮ ಕೈಯಾರೆ ನೋಡಲಿ.

ಮೂರನೆಯದು ಪೋಷಕರಿಗೆ. ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಗಂಟು ಇದೆ. ಅದರಲ್ಲಿ ಹನ್ನೆರಡು ವೆಲ್ಡಿಂಗ್ ಮಾಸ್ಕುಗಳಿವೆ. ಬೇಕಾದವರು ಕಾರ್ಯಕ್ರಮ ಮುಗಿದ ಮೇಲೆ ಸಂಕೋಚವಿಲ್ಲದೆ ತೆಗೆದುಕೊಂಡು ಹೋಗಿ. ಆದರೆ ಒಂದು ಶರತ್ತು. ನಿಮ್ಮ ಮಗನೋ ಮಗಳೋ 1240ನ್ನು 280ರಿಂದ ಭಾಗಿಸಿ ಉತ್ತರ ಹೇಳಬೇಕು, ಆ ಉತ್ತರ 3.6ಕ್ಕಿಂತ ದೊಡ್ಡದಾದರೆ ಏನಾಗುತ್ತದೆ ಎಂದು ನಿಮಗೆ ವಿವರಿಸಬೇಕು.

ಐವತ್ತು ವರ್ಷದಿಂದ ಈ ಶಾಲೆ ಫೀಸು ಕೇಳದೆ ಲೆಕ್ಕ ಕಲಿಸುತ್ತಾ ಬಂದಿದೆ. ಆ ಲೆಕ್ಕ ಇಲ್ಲಿಯ ಮನೆಮನೆಗೂ ತಲುಪಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.